ತೋಳು ಏಳದ ವರ್ಷ

ಹನ್ನೆರಡು ವರ್ಷದ ಹಿಂದಿನವರೆಗೂ ನಮ್ಮ ಊರಿನಲ್ಲಿ ಬಿಸಿ ಚಹಾ ಸಿಗುತ್ತಿರಲಿಲ್ಲ. ಹೊರಗಿನಿಂದ ಬಂದವರು ಒಂದು ಗುಟುಕು ಕುಡಿದು ಮುಖ ಕಿವುಚುತ್ತಿದ್ದರು. ಚಹಾದ ನೀರು ಕುದಿಯುತ್ತಿದ್ದದ್ದೇನೋ ನಿಜ. ಆದರೆ ಅದನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಲು ಸುರಿಯಬೇಕು, ಅದೂ ಹಸಿ ಹಾಲು. ಪಾಯಸಕ್ಕೂ ಅಷ್ಟೆ, ಶಾವಿಗೆ ಬೆಂದು ಆರಿದ ಮೇಲೆ ಹಾಲು. ಹಾಲು ಕಾಯಿಸುವುದು ನಮ್ಮಲ್ಲಿ ಅವಮಾನದ ಕೆಲಸವಾಗಿತ್ತು. ಯಾರಿಗೆ ಅವಮಾನ ಎಂದರೆ ನನಗೆ. ಊರಿನ ಯಾವ ಆಕಳಿಗೆ ಕ್ಷಯ ಇದೆ, ಯಾವುದಕ್ಕೆ ಇಲ್ಲ ಎಂದು ಹೇಳುತ್ತಿದ್ದದ್ದು ನನ್ನ ತೋಳು. ಅದು ಸರಿ ಎಂದ ಆಕಳ ಹಾಲನ್ನು ಒಲೆಯ ಮೇಲಿಟ್ಟರೆ ನನ್ನ ತೋಳನ್ನೇ ಒಲೆಯ ಮೇಲಿಟ್ಟ ಹಾಗೆ ಎಂದು ಜನ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಕೆಲಸ ಕಷ್ಟದ್ದಲ್ಲ. ಮುಂಗೈಯ ಒಳಮೈಯನ್ನು ಆಕಳ ಕುತ್ತಿಗೆಗೆ ಒತ್ತಿ, ನೂರು ಎಣಿಸುವವರೆಗೆ ನಿಲ್ಲಬೇಕು. ಆಕಳಿಗೆ ಕ್ಷಯ ಇದ್ದರೆ ಮೂರನೆಯ ದಿನ ಒತ್ತಿದ ಜಾಗದಲ್ಲಿ ಬೋರೆಹಣ್ಣಿನಷ್ಟು ಗಟ್ಟಿ ಗಂಟು ಏಳುತ್ತದೆ. ಇಲ್ಲದಿದ್ದರೆ ಏನೂ ಇಲ್ಲ. ‘ತೋಳು ಎದ್ದಿತು’, ‘ತೋಳು ಏಳಲಿಲ್ಲ’ ಎನ್ನುತ್ತೇವೆ. ಒಂದು ಸರತಿಗೆ ಎರಡೂ ಕೈ ಸೇರಿ ನಾಲ್ಕು ಆಕಳು, ತಿಂಗಳಿಗೆ ಎರಡು ಸರತಿ. ಅದಕ್ಕಿಂತ ಹೆಚ್ಚು ಮಾಡಿದರೆ ಚರ್ಮ ತಾಳುವುದಿಲ್ಲ. ಎಲ್ಲರ ತೋಳೂ ಏಳುವುದಿಲ್ಲ. ನಮ್ಮ ಮನೆಯಲ್ಲಿ ನನ್ನದು ಏಳುತ್ತಿತ್ತು, ನನ್ನ ತಂಗಿಯದು ಇಲ್ಲ. ಅವಳಿಗೆ ಹಾಡಲು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ನಾನು ಚಿಕ್ಕವಳಿದ್ದಾಗ ಯಾರು ಬೇಕಾದರೂ ತೋಳು ಒತ್ತಬಹುದಿತ್ತು. ಆಕಳು ಮಾರುವವನು ತನ್ನ ಭಾವಮೈದುನನನ್ನೇ ಕರೆತರುತ್ತಿದ್ದ. ಆ ಭಾವಮೈದುನನ ತೋಳು ಹುಟ್ಟಿದಾಗಿನಿಂದ ಒಮ್ಮೆಯೂ ಎದ್ದಿರುತ್ತಿರಲಿಲ್ಲ. ಕರಿಯಪ್ಪ ಎಂಬೊಬ್ಬನಿದ್ದ, ಎಮ್ಮೆಯ ಚರ್ಮದ ಮನುಷ್ಯ. ಮಾರುವವರೆಲ್ಲ ಅವನ ಮನೆಯ ಮುಂದೆ ಸಾಲು ನಿಲ್ಲುತ್ತಿದ್ದರು. ಕೊಳ್ಳುವವರು ಬೇರೆ ಜನವನ್ನು ಹುಡುಕುತ್ತಿದ್ದರು. ಮೈಗೆ ಕಂಬಳಿ ತಾಗಿದರೂ ದದ್ದು ಏಳುವಂಥವರು. ಹೀಗೆ ಒಂದೇ ಆಕಳಿಗೆ ಬೆಳಿಗ್ಗೆ ಕ್ಷಯ, ಸಂಜೆಗೆ ಆರೋಗ್ಯ. ಆ ಕಾಲದಲ್ಲಿ ಊರಿನ ಮಕ್ಕಳು ಕೆಮ್ಮಿ ಕೆಮ್ಮಿ ಸತ್ತದ್ದನ್ನು ನಮ್ಮ ಹಿರಿಯರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆಮೇಲೆ ತೋಳಿನ ಕಚೇರಿ ಬಂತು, ಯಾರು ಒತ್ತಬಹುದು ಯಾರು ಒತ್ತಬಾರದು ಎಂಬ ಕಟ್ಟುಪಾಡು ಬಂತು.

ಕಟ್ಟುಪಾಡಿನ ಒಂದೊಂದು ಮಾತಿನ ಹಿಂದೆಯೂ ಯಾರದೋ ಒಂದು ಅವಾಂತರ ಇದೆ. ಒತ್ತುವವರ ಮನೆಯಲ್ಲಿ ದನ ಇರಬಾರದು ಎಂಬುದು ಭಾವಮೈದುನರ ದೆಸೆಯಿಂದ. ತನ್ನ ತೋಳನ್ನು ತಾನೇ ಓದಬಾರದು, ಬೇರೆಯವರು ಅಳೆಯಬೇಕು ಎಂಬುದು, ಇಷ್ಟು ದೊಡ್ಡ ಗಂಟನ್ನು ಅಂಗಿಯ ತೋಳಿನಲ್ಲಿ ಮುಚ್ಚಿಕೊಂಡು ಏನೂ ಇಲ್ಲ ಎಂದವನ ದೆಸೆಯಿಂದ. ಮೂರು ದಿನವೂ ಕಚೇರಿಯ ಕೋಣೆಯಲ್ಲಿ ಸೊಳ್ಳೆ ಪರದೆಯ ಒಳಗೇ ಇರಬೇಕು ಎಂಬುದು ನನ್ನ ಜೊತೆಗೆ ತೋಳು ಒತ್ತುತ್ತಿದ್ದ ಭೀಮಪ್ಪಜ್ಜನ ದೆಸೆಯಿಂದ. ಅವನು ಕಾಲುವೆಯ ದಂಡೆಯ ಮೇಲೆ ಮಲಗಿ ಸೊಳ್ಳೆ ಕಚ್ಚಿಸಿಕೊಂಡು, ಆ ಗುಳ್ಳೆಯನ್ನೇ ಗಂಟು ಎಂದು ಓದಿಸಿ, ಒಂದು ಬಡಪಾಯಿ ಆಕಳನ್ನು ರೋಗದ ಕೊಟ್ಟಿಗೆಗೆ ಕಳಿಸಿಬಿಟ್ಟಿದ್ದ. ಕೊನೆಯದು ವರ್ಷದ ಒರೆ. ಊರ ಹೊರಗಿನ ಆ ಕೊಟ್ಟಿಗೆಯಲ್ಲಿ ಯಾವಾಗಲೂ ದೊಡ್ಡಕ್ಕ ಎಂಬ ಆಕಳಿರುತ್ತದೆ, ಒಂದು ಸತ್ತರೆ ಇನ್ನೊಂದಕ್ಕೆ ಅದೇ ಹೆಸರು. ಅದಕ್ಕೆ ಕ್ಷಯ ಇರುವುದು ಊರಿಗೆಲ್ಲ ಗೊತ್ತು. ಒತ್ತುವವರು ವರ್ಷಕ್ಕೊಮ್ಮೆ ಅದರ ಕುತ್ತಿಗೆಗೆ ತೋಳು ಒತ್ತಿ, ಮೂರನೆಯ ದಿನ ಎದ್ದ ಗಂಟನ್ನು ತೋರಿಸಬೇಕು. ತೋರಿಸಿದರೆ ಇನ್ನೊಂದು ವರ್ಷ ಪರವಾನಗಿ.

ನನಗೆ ಈ ಒರೆ ಎಂದರೆ ನಗೆಪಾಟಲು. ಹದಿನೆಂಟು ವರ್ಷ ಕೊಟ್ಟಿದ್ದೆ. ದೊಡ್ಡಕ್ಕನ ಮೈ ಸವರಿ, ಒಂದು ಬೆಲ್ಲದ ಚೂರು ತಿನ್ನಿಸಿ ಬರುತ್ತಿದ್ದೆ. ಭೀಮಪ್ಪಜ್ಜ ತೀರಿಕೊಂಡ ಮೇಲೆ ಇಡೀ ಊರಿಗೆ ನಾನೊಬ್ಬಳೇ. ಹೆಸರು ಬಾಳವ್ವ ಎಂದಿದ್ದರೂ ‘ತೋಳಿನ ಬಾಳಕ್ಕ’ ಎಂದರೆ ಮಾತ್ರ ಜನಕ್ಕೆ ತಿಳಿಯುತ್ತಿತ್ತು. ಸೊಕ್ಕು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಒಮ್ಮೆ ಪತ್ತಾರರ ಮನೆಯಲ್ಲಿ ಕುಡಿಯಲು ಕೊಟ್ಟ ಹಾಲಿನ ಲೋಟದಲ್ಲಿ ಒಂದು ಎಳೆ ಕೆನೆ ಕಂಡಿತು. ಹಸಿ ಹಾಲಿನಲ್ಲಿ ಅಂಥ ಕೆನೆ ಎಲ್ಲಿಂದ ಬರಬೇಕು? ಲೋಟ ಕೆಳಗಿಟ್ಟು ಎದ್ದು ಬಂದೆ. ಎರಡು ವರ್ಷ ಆ ಮನೆಯ ಆಕಳನ್ನು ಮುಟ್ಟಲಿಲ್ಲ. ಕೊನೆಗೆ ಗಂಡಹೆಂಡತಿ ಇಬ್ಬರೂ ನನ್ನ ಹೊಸ್ತಿಲ ಮುಂದೆ ತೆಂಗಿನಕಾಯಿ ಹಿಡಿದು ನಿಂತರು. ಆಗ ನನಗೆ ಆದ ಸಂತೋಷವನ್ನು ನೆನೆದರೆ ಈಗ ಮುಖ ತೊಳೆದುಕೊಳ್ಳಬೇಕು ಅನಿಸುತ್ತದೆ.

ಮೊದಲೆಲ್ಲ ವರ್ಷಕ್ಕೆ ಐದಾರು ಸಲ ನನ್ನ ತೋಳು ಏಳುತ್ತಿತ್ತು. ಆ ವರ್ಷ ಒಮ್ಮೆಯೂ ಏಳಲಿಲ್ಲ. ತೊಂಬತ್ತಾರು ಆಕಳು ಒತ್ತಿದೆ, ತೊಂಬತ್ತಾರೂ ಸರಿ. ಎಲ್ಲದರ ಕೊಂಬಿಗೂ ಹಸಿರು ನೂಲು ಕಟ್ಟಿದೆ. ಊರಿನಿಂದ ಕ್ಷಯವನ್ನೇ ಓಡಿಸಿದಳು ಎಂದು ಜನ ಕಚೇರಿಯ ಮುಂದೆ ಕುರ್ಚಿ ಹಾಕಿ ಕೂರಿಸಿ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ. ತೋಳು ಅಳೆಯುವ ಹಜರತಬಿ ಮಾತ್ರ ಆ ದಿನ ಚಪ್ಪಾಳೆ ತಟ್ಟಿದ ಹಾಗೆ ಕಾಣಲಿಲ್ಲ. ಹಿತ್ತಾಳೆಯ ಅಳತೆ ಚಿಮುಟವನ್ನು ಸೆರಗಿನಲ್ಲಿ ಒರೆಸುತ್ತ ನಿಂತಿದ್ದಳು. ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು, ಕೆಲಸ ಕಲಿತದ್ದೂ ನನ್ನಿಂದಲೇ. ಹೊಟ್ಟೆಕಿಚ್ಚು ಇರಬಹುದು ಎಂದುಕೊಂಡೆ.

ಆ ತೊಂಬತ್ತಾರರಲ್ಲಿ ಒಂದು ಕುಂಬಾರ ಈರಣ್ಣನ ಮನೆಯ ಕೆಂದಾಕಳು. ಅವನ ಹೆಂಡತಿ ರೇಣವ್ವ ಆಗ ತುಂಬಿದ ಬಸುರಿ. ಹೆರಿಗೆಯಾಗಿ ಹತ್ತನೆಯ ದಿನಕ್ಕೆ ಜ್ವರ ಬಂದು ಅವಳ ಎದೆಹಾಲು ಬತ್ತಿತು. ಕೂಸು ಬದುಕಿದ್ದು ಆ ಕೆಂದಾಕಳ ಹಾಲಿನಿಂದ. ಬಾಣಂತನಕ್ಕೆಂದು ಹೊಳೆಯಾಚೆಯ ಊರಿನಿಂದ ರೇಣವ್ವನ ತಾಯಿ ಸಂಕವ್ವ ಬಂದಿದ್ದಳು. ಬಂದವಳು ಮಗಳು ನಿತ್ರಾಣಳಾದ್ದರಿಂದ ಅಲ್ಲಿಯೇ ಉಳಿದಳು. ಮಾತು ಕಡಿಮೆ, ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ನಾನು ಆ ದಾರಿಯಲ್ಲಿ ಹೋದರೆ ಸಾಕು, ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ರೇಣವ್ವ ಕೂಸನ್ನು ನನ್ನ ಮಡಿಲಿಗೆ ಹಾಕಿ, “ನಿನ್ನ ತೋಳಿನ ಪುಣ್ಯಾ ಬಾಳಕ್ಕಾ, ನೋಡ ಹೆಂಗ ಗುಂಡಗ ಆಗೈತಿ” ಎನ್ನುತ್ತಿದ್ದಳು. ನಾನು ಆ ಪುಣ್ಯವನ್ನೂ ಶಾಲಿನ ಜೊತೆಗೆ ಇಟ್ಟುಕೊಂಡಿದ್ದೆ.

ಕೂಸಿಗೆ ಏಳು ತಿಂಗಳು ತುಂಬಿದಾಗ ನನ್ನ ವರ್ಷದ ಒರೆ ಬಂತು. ದೊಡ್ಡಕ್ಕನ ಕುತ್ತಿಗೆಗೆ ಎಡತೋಳು ಒತ್ತಿ, ಪರದೆಯ ಕೋಣೆಗೆ ಹೋಗಿ ಮಲಗಿದೆ. ಎರಡನೆಯ ದಿನಕ್ಕೆ ಒತ್ತಿದ ಜಾಗ ಸ್ವಲ್ಪ ಕೆಂಪಾಗಬೇಕು, ಒಳಗೆ ಕಾಳಿನಷ್ಟು ಗಟ್ಟಿ ಸಿಗಬೇಕು. ಸಿಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟವಳೇ ತೋಳು ನೋಡಿದೆ. ನನ್ನ ತಂಗಿಯ ತೋಳಿನ ಹಾಗೆ ನುಣ್ಣಗೆ ಇತ್ತು. ಬಲಗೈಯಿಂದ ಒತ್ತಿದೆ, ತಿಕ್ಕಿದೆ, ಬಾಯಿಯ ಗಾಳಿ ಊದಿದೆ. ಏನೂ ಇಲ್ಲ.

ಆಗ ನಾನು ಮೊದಲು ನೆನೆದದ್ದು ಪರವಾನಗಿಯನ್ನು. ಕೂಸು ನೆನಪಾಗಲಿಲ್ಲ. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಈ ಕಥೆ ಹೇಳಿ ಪ್ರಯೋಜನವಿಲ್ಲ. ತೋಳು ಇಲ್ಲದಿದ್ದರೆ ನಾನು ಯಾರು? ದನವಿಲ್ಲ, ಹೊಲವಿಲ್ಲ, ಹಾಡು ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಜರತಬಿ ಅಳೆಯಲು ಬರುವವಳಿದ್ದಳು. ಕೋಣೆಯ ಮೂಲೆಯಲ್ಲಿ ನೀರಿನ ಗಡಿಗೆಯ ಹಿಂದೆ ಹಗಲೂ ಸೊಳ್ಳೆ ಇರುತ್ತಿದ್ದವು. ಪರದೆಯ ಅಂಚು ಎತ್ತಿದೆ, ತೋಳು ಹೊರಗೆ ಚಾಚಿದೆ, ಒತ್ತಿದ ಜಾಗವೊಂದನ್ನು ಬಿಟ್ಟು ಉಳಿದ ಕೈಯನ್ನೆಲ್ಲ ಸೆರಗಿನಲ್ಲಿ ಸುತ್ತಿಕೊಂಡೆ. ಭೀಮಪ್ಪಜ್ಜನನ್ನು ಎಷ್ಟು ಆಡಿಕೊಂಡು ನಕ್ಕಿದ್ದೆ! ಅವನು ಪಾಪ ನಿದ್ದೆಯಲ್ಲಿ ಕಚ್ಚಿಸಿಕೊಂಡಿದ್ದ. ನಾನು ಎಚ್ಚರವಿದ್ದು, ಉಸಿರು ಬಿಗಿಹಿಡಿದು, ಬಾ ತಾಯಿ ಬಾ ಎಂದು ಸೊಳ್ಳೆಯನ್ನು ಕರೆಯುತ್ತಿದ್ದೆ. ಒಂದು ಬಂತು, ಇನ್ನೊಂದೂ ಬಂತು. ಗುಳ್ಳೆ ಚೆನ್ನಾಗಿಯೇ ಎದ್ದಿತು.

ಹಜರತಬಿ ಬಂದಳು. ಚಿಮುಟ ಹಿಡಿದು ಅಳೆದಳು. ಪುಸ್ತಕ ತೆರೆದಳು, ಆದರೆ ಬರೆಯಲಿಲ್ಲ. ಕಾಲು ಮಡಚಿ ಎದುರಿಗೆ ಕುಳಿತಳು.

“ಅವಸರ ಏನಿಲ್ಲಲ್ಲ ಅಕ್ಕಾ? ಒಂದೀಟು ದಣಿವು ಆರಿಸಿಕೊಂತೀನಿ. ನಿನ್ನ ತಂಗಿ ಹೆಂಗ ಅದಾಳ?”

“ಆರಾಮ ಅದಾಳ. ಮೊನ್ನಿ ಭಜನಿಗೆ ಹೋಗಿದ್ಲಂತ.” ನಾನು ಮಾತಿಗೆ ಬಿದ್ದೆ. ತಂಗಿಯ ಭಜನೆ, ಅವಳ ಸೊಸೆ, ಸೊಸೆಯ ತವರು, ಎಲ್ಲ ಹೇಳಿದೆ. ಹೆದರಿದಾಗ ನನಗೆ ಮಾತು ಹೆಚ್ಚು.

“ಬಾಳಕ್ಕಾ,” ಎಂದಳು ಹಜರತಬಿ ನಡುವೆ.

“ಏನ?”

“ಕೆರಕೊಳ್ಳಾಕತ್ತೀಯಲ್ಲ.”

ಕೆಳಗೆ ನೋಡಿದೆ. ನನ್ನ ಬಲಗೈಯ ಉಗುರು ಎಡತೋಳಿನ ಆ ಗುಳ್ಳೆಯ ಮೇಲೇ ಇತ್ತು. ಯಾವಾಗ ಹೋಗಿ ಕೂತಿತ್ತೋ ತಿಳಿಯದು.

“ಆಕಳ ಗಂಟು ತುರಸಂಗಿಲ್ಲ ಅಕ್ಕಾ,” ಎಂದಳು ಮೆಲ್ಲಗೆ. “ನೀನs ಕಲಿಸಿದ್ದು. ನಾ ಬಂದ ಮೊದಲನೇ ದಿನ ಹೇಳಿದ್ದಿ, ಗಂಟು ನೋಡೂಕಿಂತ ಮೊದಲ ಕೈ ನೋಡು ಅಂತ.”

ನನಗೆ ಸಿಟ್ಟು ಬಂತು. ತಪ್ಪು ಮಾಡಿ ಸಿಕ್ಕಿಬಿದ್ದವರಿಗೆ ಬರುವಷ್ಟು ಸಿಟ್ಟು ಬೇರೆ ಯಾರಿಗೂ ಬರುವುದಿಲ್ಲ. “ಹದಿನೆಂಟ ವರ್ಷ ಈ ತೋಳು ಸುಳ್ಳಾಡಿಲ್ಲ! ಒಂದ ಸಲ ಏಳಲಿಲ್ಲ ಅಂದ್ರ ಏನಾತು? ಜಡ್ಡ ಬಿದ್ದಿರಬೇಕು, ವಯಸ್ಸಿನ ಕಾಲಕ್ಕ ಒಂದೊಂದ ಸಲ ಹಂಗ ಆಕ್ಕೈತಿ. ಮುಂದಿನ ತಿಂಗಳ ನೋಡು, ಹೆಂಗ ಏಳ್ತೈತಿ!”

ಅವಳು ಜಗಳಕ್ಕೆ ಬರಲಿಲ್ಲ. ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದಳು. “ಈ ವರ್ಷ ಒಮ್ಮೆನೂ ಎದ್ದಿಲ್ಲ. ಹ್ವಾದ ವರ್ಷ ಆರು, ಅದರ ಹಿಂದಿನ ವರ್ಷ ಐದು. ಊರ ಒಮ್ಮೆಲೆ ಹೆಂಗ ಶುದ್ಧ ಆತು ಅಂತ ನಾ ಯೋಚನಿ ಮಾಡಾಕತ್ತಿದ್ದೆ. ಶಾಲು ಹೊದಸೂ ದಿನಾನೂ ಅದನ್ನs ಯೋಚನಿ ಮಾಡ್ತಿದ್ದೆ. ಆದ್ರ ನಿನಗ ಬ್ಯಾಸರ ಆಕ್ಕೈತಿ ಅಂತ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.”

ಪುಸ್ತಕವನ್ನು ತೊಡೆಯ ಮೇಲೆ ಇಳಿಸಿದಳು. ಆಮೇಲೆ, ಬೇರೆ ಏನೋ ನೆನಪಾದ ಹಾಗೆ, “ಕುಂಬಾರ ಮನಿ ಕೂಸಿನ್ನ ನೋಡಿದಿ? ಹಲ್ಲ ಬರಾಕತ್ತಾವ,” ಎಂದಳು.

ಹಸಿರು ನೂಲು ಕಟ್ಟಿದ ಕೊಂಬು, ನೊರೆ ಹಾಲು, ಹಾಲು ಕುಡಿಸುವ ಒಳಲೆಯ ತುದಿಗೆ ಬಾಯಿ ಚಾಚುವ ಆ ಕೂಸು, ಎಲ್ಲವೂ ಒಟ್ಟಿಗೆ ಕಣ್ಣಿಗೆ ಕಟ್ಟಿತು. ದಿನಕ್ಕೆ ಐದು ಒಳಲೆ ಎಂದರೂ ಏಳು ತಿಂಗಳಿಗೆ ಎಷ್ಟಾಯಿತು ಎಂದು ಎಣಿಸಲು ಹೋಗಿ, ಎಣಿಸಲಾರದೆ ನಿಲ್ಲಿಸಿದೆ.

ಹಜರತಬಿ ಲೇಖನಿ ಹಿಡಿದು ನನ್ನ ಮುಖ ನೋಡಿದಳು. “ಏನ ಬರೀಲಿ ಅಕ್ಕಾ?”

ಅವಳಿಗೆ ಏನು ಬರೆಯಬೇಕು ಎಂದು ಗೊತ್ತಿತ್ತು. ನನ್ನನ್ನು ಕೇಳಬೇಕಾಗಿರಲಿಲ್ಲ. ಕಳ್ಳಿಯನ್ನು ಹಿಡಿದ ಹಾಗೆ ಹಿಡಿದು, ಕಚೇರಿಯ ಬಾಗಿಲಿಗೆ ಎಳೆದುಕೊಂಡು ಹೋಗಬಹುದಿತ್ತು. ನನ್ನ ಬಾಯಿಂದ ಬರಲಿ ಎಂದು ಕಾದಳು. ಆ ಒಂದು ಗಳಿಗೆ ಅವಳು ಕಾದದ್ದಕ್ಕೆ ನಾನು ಇವತ್ತಿಗೂ ಬೆಳಿಗ್ಗೆ ಎದ್ದು ಅವಳ ಹೆಸರು ಹೇಳುತ್ತೇನೆ.

“ಏಳಲಿಲ್ಲ ಅಂತ ಬರಿ,” ಎಂದೆ.

ಬರೆದಳು. ಸೊಳ್ಳೆಯ ವಿಷಯ ಬರೆಯಲಿಲ್ಲ. ನನ್ನ ಪರವಾನಗಿಯ ತಗಡನ್ನು ನಾನೇ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅಷ್ಟು ವರ್ಷ ಕತ್ತಿನಲ್ಲಿದ್ದದ್ದು, ದಾರ ಕುತ್ತಿಗೆಗೆ ಗೆರೆ ಮಾಡಿತ್ತು.

ಹಸಿರು ನೂಲು ಬಿಚ್ಚಿಸಲು ಮನೆಮನೆಗೆ ಹೋಗುವುದು ಕಚೇರಿಯವರ ಕೆಲಸ. ಕಟ್ಟಿದ ಕೈಯೇ ಬಿಚ್ಚಲಿ ಎಂದು ನಾನು ಹಟ ಹಿಡಿದೆ. ಆ ದಿನ ನಡೆದ ಹಾಗೆ ನಾನು ಎಂದೂ ನಡೆದಿಲ್ಲ. ಒಬ್ಬರ ಮನೆಯಲ್ಲಿ, “ಏನಾಗಂಗಿಲ್ಲ ತಗೋ ಬಾಳಕ್ಕಾ, ನಿನ್ನ ತೋಳು ತಿರಗಿ ಬರ್ತೈತಿ” ಎಂದು ನನ್ನನ್ನೇ ಸಮಾಧಾನ ಮಾಡಿದರು. ಚಹಾದಂಗಡಿ ಬಸಲಿಂಗನ ಹೆಂಡತಿ ಮುಖದ ಮೇಲೆ ಬಾಗಿಲು ಹಾಕಿದಳು. ಹಾಕಿದ್ದು ಸರಿಯೇ. ಮುಂದೆ ಅವರ ಆಕಳಿಗೂ ತೋಳು ಎದ್ದಿತು, ಬಸಲಿಂಗ ಆರು ತಿಂಗಳು ಆಸ್ಪತ್ರೆಯ ಮಾತ್ರೆ ನುಂಗಿದ. ಗುಣವಾದ, ಆದರೆ ಆ ಮನೆಯ ಬಾಗಿಲು ನನಗೆ ತೆರೆಯಲು ಬಹಳ ದಿನ ಬೇಕಾಯಿತು. ಪತ್ತಾರರ ಹೆಂಡತಿ ನೂಲು ಬಿಚ್ಚುವುದನ್ನು ನೋಡುತ್ತ ನಿಂತವಳು, “ಹಂಗಾರ ಅವತ್ತ ನಾವು ಹಾಲ ಕಾಸಿದ್ದು ತಪ್ಪಲ್ಲ ಹೌದಲ್ಲೋ?” ಎಂದು ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲು ಕೇಳಿದಳು. ನಾನು ಬಿಚ್ಚಿದ ನೂಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮುಂದಿನ ಮನೆಗೆ ನಡೆದೆ.

ಕುಂಬಾರರ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಧೈರ್ಯವಿರಲಿಲ್ಲ, ಬೇರೆ ಕಾರಣವಿಲ್ಲ. ಅಂಗಳದಲ್ಲಿ ಹಸಿ ಗಡಿಗೆಗಳು ಒಣಗುತ್ತಿದ್ದವು, ಗಡಿಗೆ ಸುಡುವ ಆವಿಗೆಯಿಂದ ಹೊಗೆ ಏಳುತ್ತಿತ್ತು. ರೇಣವ್ವ ಎಂದಿನಂತೆ ಕೂಸನ್ನು ನನ್ನ ಮಡಿಲಿಗೆ ಹಾಕಲು ಬಂದಳು. ನಾನು ಕೈ ಚಾಚಲಿಲ್ಲ. ನಿಂತುಕೊಂಡೇ ಹೇಳಿದೆ.

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕೂಸನ್ನು ಎದೆಗೆ ಅವುಚಿಕೊಂಡು ನನ್ನ ಕಡೆಯಿಂದ ಹಿಂದೆ ಹಿಂದೆ ಸರಿದಳು. “ಏಳ ತಿಂಗಳಾತು ಬಾಳಕ್ಕಾ! ದಿನಾ ಕುಡಿಸೀವಿ. ಹಸೇದನ್ನ ಕುಡಿಸೀವಿ, ನಿನ್ನ ತೋಳು ನಂಬಿ. ನಿನ್ನ ಮಡಲಾಗ ಹಾಕ್ತಿದ್ದೆನಲ್ಲ ನನ್ನ ಕೂಸಿನ್ನ…” ಈರಣ್ಣ ಮಣ್ಣಿನ ಕೈಯಲ್ಲೇ ಓಡಿ ಬಂದು ಅವಳನ್ನು ಹಿಡಿದುಕೊಂಡ. ಸಂಕವ್ವ ಹೊಸ್ತಿಲ ಮೇಲೆ ನಿಂತಿದ್ದಳು. ಬೈಯುತ್ತಾಳೆ ಎಂದು ಕಾದೆ. “ಮೂರ ದಿನಾ ಆಗಬೇಕೇನು ತಿಳೀಬೇಕಂದ್ರ?” ಎಂದಷ್ಟೇ ಕೇಳಿದಳು. ಹೌದು ಎಂದೆ. ಸೆರಗು ಎಳೆದುಕೊಂಡು ಒಳಗೆ ಹೋದಳು.

ಹಿಂದಿನ ತಿಂಗಳಷ್ಟೇ ಪರವಾನಗಿ ಸಿಕ್ಕಿ, ಊರಿನ ಒಂದು ಆಕಳನ್ನೂ ಇನ್ನೂ ಒತ್ತಿರದ ದುರಗಪ್ಪನಿದ್ದ, ಕ್ಷೌರದವನು, ಮೂವತ್ತರ ಹರೆಯ. ದೊಡ್ಡಕ್ಕನಿಗೆ ಒತ್ತಿದಾಗ ಅವನ ತೋಳು ಲಿಂಬೆಕಾಯಿಯಷ್ಟು ಎದ್ದು ಕಚೇರಿಯವರೆಲ್ಲ ಬೆರಗಾಗಿದ್ದರು. ನನಗೆ ಆಗ ಅದನ್ನು ಸಹಿಸಲಾಗಿರಲಿಲ್ಲ, ಈಗ ಅವನ ಕಾಲಿಗೆ ಬೀಳಲೂ ಸಿದ್ಧಳಿದ್ದೆ. ಎಳೆಮಕ್ಕಳಿರುವ ಮನೆಗಳಿಂದ ಶುರು ಎಂದು ತೀರ್ಮಾನವಾಯಿತು. ಮೊದಲನೆಯದೇ ಕುಂಬಾರರ ಕೆಂದಾಕಳು. ಅವನು ತೋಳು ಒತ್ತಿ ಪರದೆಯ ಕೋಣೆ ಸೇರಿದ ಮೇಲೆ, ನಾನು ಕೋಣೆಯ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಬೇವಿನ ಸೊಪ್ಪಿನ ಹೊಗೆ ಹಾಕಿದೆ. ಗಡಿಗೆಯ ಹಿಂದಿನ ಮೂಲೆಯನ್ನು ನಾನೇ ಒರೆಸಿದೆ.

“ಅಕ್ಕಾರ, ಹೊಗಿಗೆ ಸೊಳ್ಳಿಗಿಂತ ಮೊದಲ ನಾನs ಸಾಯ್ತೀನಿ,” ಎಂದು ದುರಗಪ್ಪ ಒಳಗಿನಿಂದ ಕೆಮ್ಮಿದ.

“ಬಾಯಿ ಮುಚ್ಚಿಕೊಂಡು ಮಲಕೊ. ಕೈ ಹೊರಗ ಬಂತಂದ್ರ ನೋಡು,” ಎಂದೆ.

“ನಿಮಗ ಏನ ಬೇಕ್ರೀ? ಏಳಬೇಕೋ, ಏಳಬಾರದೋ?”

ಅವನು ತಮಾಷೆಗೆ ಕೇಳಿದ. ನಾನು ಮೂರು ದಿನ ಬೇಡಿಕೊಂಡದ್ದು ಒಂದೇ, ಏಳದಿರಲಿ ಎಂದು. ಅವನ ತೋಳು ಏಳದಿದ್ದರೆ, ನನ್ನ ತೋಳು ಸತ್ತಿದ್ದರೂ ಕೂಸಿನ ಹಾಲು ಕೆಟ್ಟಿರಲಿಲ್ಲ ಎಂದಾಗುತ್ತಿತ್ತು. ಪರವಾನಗಿ, ಶಾಲು, ತೋಳಿನ ಬಾಳಕ್ಕ ಎಂಬ ಹೆಸರು, ಎಲ್ಲ ಹೋಗಲಿ, ಅದೊಂದು ಉಳಿಯಲಿ ಎಂದೆ.

ಯಾರ ಆಕಳೋ ಅವರ ಅಂಗಳದಲ್ಲೇ ನಾಲ್ಕು ಜನರ ಎದುರು ತೋಳು ಅಳೆಯಬೇಕು ಎಂಬುದು ಕಟ್ಟುಪಾಡು. ಮೂರನೆಯ ದಿನ ಮಧ್ಯಾಹ್ನ ಕುಂಬಾರರ ಅಂಗಳದಲ್ಲಿ ನಾಲ್ಕಲ್ಲ, ನಲವತ್ತು ಜನ ಸೇರಿದ್ದರು. ದುರಗಪ್ಪ ಅಂಗಿಯ ತೋಳು ಮೇಲಕ್ಕೆ ಮಡಚಿದ. ಹಜರತಬಿ ಅಳೆಯುವ ಮೊದಲೇ ಎಲ್ಲರಿಗೂ ಕಂಡಿತು. ಆದರೂ ಅವಳು ಅಳೆದಳು. ಅವನ ಎರಡೂ ಕೈಯನ್ನು ತೊಡೆಯ ಮೇಲೆ ಇಡಿಸಿ, ಎದುರಿಗೆ ಕೂತು ಬಹಳ ಹೊತ್ತು ಅವನ ಬೆರಳುಗಳನ್ನೇ ನೋಡಿದಳು. “ತುರಸ್ತೈತೇನು?” ಎಂದಳು. “ಇಲ್ರಿ,” ಎಂದ ಅವನು. ಅವನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. ಮತ್ತೊಮ್ಮೆ ಬೆರಳಿನಿಂದ ಒತ್ತಿ ನೋಡಿ, “ಎದ್ದೈತಿ,” ಎಂದು ಓದಿ ಹೇಳಿದಳು.

ರೇಣವ್ವ ಕುಸಿದು ಕೂತಳು. ಈರಣ್ಣ ಕೂಸನ್ನು ಎತ್ತಿಕೊಂಡು ಅದರ ಎದೆಗೆ ಕಿವಿಯಿಟ್ಟು ಕೇಳತೊಡಗಿದ. ಕೂಸು ಅವನ ಕೂದಲು ಹಿಡಿದು ಎಳೆಯುತ್ತ ನಗುತ್ತಿತ್ತು. ಯಾರಾದರೂ ಬಂದು ಕೆನ್ನೆಗೆ ಹೊಡೆಯಬಾರದೇ ಅನಿಸಿತು. ಆಗ ಯಾರೋ ನನ್ನ ಮೊಣಕೈ ಹಿಡಿದು ಜಗ್ಗಿದರು. ಸಂಕವ್ವ. “ಬಾ ಇಲ್ಲೆ,” ಎಂದಳು. ಆವಿಗೆಯ ಪಕ್ಕದ, ಹಸಿ ಗಡಿಗೆ ಇಡುವ ಸಣ್ಣ ಕೋಣೆಗೆ ನನ್ನನ್ನು ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಹೊಡೆಯಲಿಕ್ಕೇ ಇರಬೇಕು ಎಂದುಕೊಂಡೆ, ಹೊಡೆಯಲಿ ಎಂದು ಸುಮ್ಮನೆ ನಿಂತೆ.

ಅವಳು ಗಡಿಗೆಗಳ ಸಾಲಿನ ಹಿಂದೆ ಕೈ ಹಾಕಿ ಒಂದು ಪುಟ್ಟ ಗಡಿಗೆ ತೆಗೆದಳು. ತಳ ಕರಿ ಹಿಡಿದಿತ್ತು, ಬಾಯಿಯ ಸುತ್ತ ಹಾಲು ಉಕ್ಕಿ ಒಣಗಿದ ಕಲೆ.

“ತಪ್ಪಾಗೈತಿ ಯವ್ವಾ,” ಎಂದಳು. “ನಮ್ಮೂರಾಗ ಎಲ್ಲಾರೂ ಕಾಸೇ ಕುಡೀತೀವಿ. ಇಲ್ಲೆ ಹಂಗ ಮಾಡಬಾರದು, ಬಾಳಕ್ಕನ ತೋಳು ಸುಟ್ಟಂಗ ಅಂತ ಮಗಳು ಹೇಳಿದ್ಲು. ಮಾಡಂಗಿಲ್ಲ ಅಂತ ನಾನೂ ಅಂದೆ. ಆದ್ರ ಹಸೇ ಹಾಲು ಕೂಸಿನ ಬಾಯಿಗೆ ಹಾಕಾಕ ನನ್ನ ಕೈ ಬರಲಿಲ್ಲ. ಆವಿಗಿ ಹೊಗಿ ಇರ್ತೈತಲ್ಲ, ಯಾರಿಗೂ ತಿಳಿಯೂದಿಲ್ಲ ಅಂತ ಇಲ್ಲೆ ಕುಂತು ಕಾಸ್ತಿದ್ದೆ. ಕೆನಿ ಕಂಡೀತಂತ ಅದನ್ನ ನಾನs ತಿಂತಿದ್ದೆ, ಬಾಗಲ ಮರಿಗೆ ನಿಂತು. ಮಗಳಿಗೂ ಹೇಳಿಲ್ಲ.”

ನಾನು ಗಡಿಗೆಯ ಕರಿ ತಳ ಮುಟ್ಟಿ ನೋಡಿದೆ. “ಕೂಸಿಗೆ ಕುಡಿಸಿದ್ದೆಲ್ಲಾ ಕಾಸಿದ್ದೇನು?”

“ಎಲ್ಲಾ ಕಾಸಿದ್ದs. ಉಕ್ಕೂತನಕ ಕಾಸಿದ್ದು.”

“ಒಂದ ದಿನಾನೂ ತಪ್ಪಿಲ್ಲ? ನೀ ಮಲಗಿದಾಗ ರೇಣವ್ವ ಕುಡಿಸಿರಬಹುದಲ್ಲ?”

“ಒಳಲಿಗೆ ಹಾಲು ಹಾಕೂದು ನನ್ನ ಕೆಲಸ. ಆಕಿ ಎದ್ದು ನೋಡಿದಾಗ ಗಡಿಗ್ಯಾಗ ಹಾಲು ಇರ್ತೈತಿ. ಕಾಸಿ ಆರಿಸಿದ್ದು ಅಂತ ಆಕಿಗೆ ಹೆಂಗ ತಿಳೀಬೇಕು?”

“ಒಂದ ಗುಟುಕೂ ಹಸೇದು ಹೋಗಿಲ್ಲ?”

“ಒಂದ ಗುಟುಕೂ ಹೋಗಿಲ್ಲ ಯವ್ವಾ. ಆಕಳು ಚಲೋ ಇತ್ತಂದ್ರ ಈ ಮಾತು ಯಾರಿಗೂ ತಿಳಿಯೂದು ಬ್ಯಾಡ ಅಂತ ಮೂರ ದಿನಾ ಬಾಯಿ ಕಟಗೊಂಡಿದ್ದೆ. ಈಗ ಹೇಳಲಿಲ್ಲಂದ್ರ ಮಗಳ ಎದಿ ಒಡೀತೈತಿ. ಮೊದಲ ನಿನ್ನ ಮುಂದ ಒಪ್ಪಕೊಂಡು, ನೀ ಕ್ಷಮಾ ಮಾಡಿದ ಮ್ಯಾಲ ಆಕಿಗೆ ಹೇಳೋಣಂತ…” ಎನ್ನುತ್ತ ಗಡಿಗೆಯನ್ನು ಕೆಳಗಿಟ್ಟು ನನ್ನ ಕಾಲಿಗೆ ಬಗ್ಗಿದಳು.

ನಾನು ಅವಳಿಗಿಂತ ಮೊದಲು ಕೆಳಗೆ ಕೂತುಬಿಟ್ಟೆ. ಅವಳ ಎರಡೂ ಕೈ ಹಿಡಿದುಕೊಂಡೆ. ಬೆರಳ ತುದಿಗಳು ಸುಟ್ಟು ಸುಟ್ಟು ಗಟ್ಟಿಯಾಗಿದ್ದವು. ದಿನಕ್ಕೆ ಐದು ಸಲ ಹೊಗೆಯಲ್ಲಿ ಕೂತು, ನನ್ನ ಹೆಜ್ಜೆಯ ಸಪ್ಪಳ ಬಂದರೆ ಬೆಂಕಿ ಮುಚ್ಚಿ, ನನಗೆ ಹೆದರಿ ಹೆದರಿ, ಆದರೂ ಕಾಯಿಸಿದ ಕೈ. ಎದುರಿಗೆ ಬಂದಿದ್ದರೆ ಈ ಹೆಂಗಸನ್ನು ನಾನು ಊರು ಬಿಡಿಸುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಅಳುತ್ತಿದ್ದೆ. ಅಷ್ಟು ಸುಖದ ಅಳು ನನಗೆ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

“ಮಗಳಿಗಷ್ಟ ಹೇಳ್ತೀನಿ,” ಎಂದಳು ಸಂಕವ್ವ, ನನ್ನ ಕಣ್ಣು ತನ್ನ ಸೆರಗಿನಿಂದ ಒರೆಸುತ್ತ. “ಉಳಿದವ್ರಿಗೆ ಬ್ಯಾಡ ಯವ್ವಾ. ನಿನ್ನ ಮಾನದ ಮಾತದು. ಯಾರ ಮುಂದೂ ಹೇಳಬ್ಯಾಡ.”

“ಇಲ್ಲ, ಹೇಳಂಗಿಲ್ಲ,” ಎಂದೆ.

ಎದ್ದೆ. ಆ ಕರಿ ಹಿಡಿದ ಗಡಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡೆ, ಇನ್ನೊಂದು ಕೈಯಲ್ಲಿ ಅವಳ ರಟ್ಟೆ ಹಿಡಿದೆ, ಕಾಲಿನಿಂದ ಬಾಗಿಲು ಒದ್ದು ತೆರೆದೆ. ಅಂಗಳದ ನಲವತ್ತು ಜನವೂ ತಿರುಗಿ ನೋಡಿದರು. ಹಜರತಬಿ ಪುಸ್ತಕ ಹಿಡಿದು ನಿಂತಿದ್ದಳು, ರೇಣವ್ವ ನೆಲದ ಮೇಲೆ ಕೂತಲ್ಲೇ ತಲೆ ಎತ್ತಿದಳು. ನನಗೆ ಹಾಡಲು ಬರುವುದಿಲ್ಲ, ಆದರೆ ಗಂಟಲು ಗಟ್ಟಿ ಇದೆ.

“ರೇಣವ್ವಾ, ಅಳಬ್ಯಾಡ ಏಳು!” ಎಂದು ಕೂಗಿದೆ. “ನಿಮ್ಮವ್ವ ನನ್ನ ನಂಬಲಿಲ್ಲ! ಕೇಳ್ರೆಪಾ ಎಲ್ಲಾರೂ, ಈಕಿ ಹೊಟ್ಟಿ ತಣ್ಣಗಿರಲಿ, ಏಳ ತಿಂಗಳು ಒಂದ ದಿನಾನೂ ಈಕಿ ನನ್ನ ನಂಬಲಿಲ್ಲ!”